ಕೂಸಿನ ಕೈಗೆ ಮೆದುಳಿನ ದಾರಿ



ವೈದ್ಯವಿಜ್ಞಾನದ ವಿಷಯವನ್ನು ಕನ್ನಡದಲ್ಲಿ ಹೇಳಬೇಕು, ಕೇಳಿದವರು ಹೆದರಿಕೊಂಡು ಮನೆಗೆ ಹೋಗಬಾರದು: ಈ ಉಪನ್ಯಾಸದ ದತ್ತಿ ದಾನಿಗಳು ಇಟ್ಟ ಷರತ್ತುಗಳು ಇವೆರಡೇ. ಎರಡನೆಯದು ನನಗೆ ಬಹಳ ಹಿಡಿಸಿತು. ವೈದ್ಯರು ವೇದಿಕೆ ಹತ್ತಿದರೆ ಕಾಯಿಲೆಯ ಪುರಾಣವೇ ಶುರುವಾಗುತ್ತದೆ. ಚೆನ್ನಾಗಿ ಉಂಡು, ಆಡಿ, ನಿದ್ದೆ ಮಾಡುವ ಮಗುವಿನ ಮೈಯೊಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ, ನಾವಾಗಿ ಹೇಳುವುದೂ ಇಲ್ಲ. ಹಾಗಾಗಿ ಇಂದು ಆರೋಗ್ಯವಂತ ಮಗುವಿನ ತೋಳನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಮೆದುಳಿನಿಂದ ತೋಳಿನ ಸ್ನಾಯುಗಳಿಗೆ ಹೋಗುವ ನರಗಳ ದಾರಿ ಹೇಗೆ ಹುಟ್ಟುತ್ತದೆ, ಹೇಗೆ ಬಲಿಯುತ್ತದೆ ಎಂಬುದು ಈ ಹೊತ್ತಿನ ಮಾತು.

ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯ ಹೆಬ್ಬೆರಳಿನ ತುದಿಗೆ ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ, ಬೇಗಬೇಗ ಮುಟ್ಟಿಸಲು ಹೇಳಿ. ನಿಮ್ಮ ಕಣ್ಣು ಮಾತ್ರ ತೊಡೆಯ ಮೇಲೆ ಸುಮ್ಮನಿರಬೇಕಾದ ಎಡಗೈಯ ಮೇಲಿರಲಿ. ಅದು ಸುಮ್ಮನಿರುವುದಿಲ್ಲ. ಬಲಗೈ ಮಾಡಿದ್ದನ್ನು ಎಡಗೈಯೂ ಅಷ್ಟಿಷ್ಟು ಅನುಸರಿಸುತ್ತದೆ. ಮಗು ಬೇಕೆಂದು ಮಾಡುವುದಲ್ಲ, ಗದರಿದರೆ ನಿಲ್ಲುವುದೂ ಅಲ್ಲ. ಇದನ್ನು ಕನ್ನಡಿ ಚಲನೆ ಎಂದು ಕರೆಯುತ್ತಾರೆ. ಹತ್ತು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇದು ಬಹುಮಟ್ಟಿಗೆ ಮರೆಯಾಗುತ್ತದೆ. ಒಂದು ಕೈಗೆ ಕೊಟ್ಟ ಆಜ್ಞೆ ಆ ಕೈಗಷ್ಟೇ ತಲುಪಬೇಕು ಎಂಬ ಶಿಸ್ತು ನಮಗೆ ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ನಡೆದ ಕೆಲಸದ ಫಲ ಅದು.

ಮೊದಲು ದಾರಿಯ ಪರಿಚಯ ಮಾಡಿಕೊಳ್ಳೋಣ. ಮೆದುಳಿನ ಹೊರಪದರದಲ್ಲಿ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲೆಯ ಮೇಲೆ ಪಟ್ಟಿ ಕಟ್ಟಿದಂತೆ ಇರುವ ಭಾಗ ಚಲನೆಯ ಆಜ್ಞೆ ಹೊರಡುವ ಜಾಗ. ಅಲ್ಲಿನ ದೈತ್ಯ ನರಕೋಶಗಳನ್ನು 1874ರಲ್ಲಿ ಕೀವ್ ನಗರದ ಅಂಗರಚನಾಶಾಸ್ತ್ರಜ್ಞ ವ್ಲಾದಿಮಿರ್ ಬೆಟ್ಸ್ ವರ್ಣಿಸಿದ. ಈ ಪ್ರದೇಶದಿಂದ ಹಾಗೂ ನೆರೆಯ ಪ್ರದೇಶಗಳಿಂದ ಪ್ರತಿ ಬದಿಗೆ ಸುಮಾರು ಹತ್ತು ಲಕ್ಷ ತಂತುಗಳು ಕೆಳಗಿಳಿಯುತ್ತವೆ. ಮೆದುಳು ಮುಗಿದು ಬೆನ್ನುಹುರಿ ಆರಂಭವಾಗುವಲ್ಲಿ ಇವುಗಳಲ್ಲಿ ಬಹುಪಾಲು ತಂತುಗಳು ಎದುರು ಬದಿಗೆ ದಾಟುತ್ತವೆ. ಈ ಅಡ್ಡದಾಟನ್ನು 1709ರಲ್ಲಿ ಇಟಲಿಯ ಮಿಸ್ತಿಕೆಲ್ಲಿ, ಮರುವರ್ಷ ಫ್ರಾನ್ಸಿನ ಪುರ್‌ಫುರ್ ದ್ಯು ಪೆತಿ ದಾಖಲಿಸಿದರು. ಎಡ ಮೆದುಳು ಬಲಗೈಯನ್ನು ಆಳುವುದಕ್ಕೆ ಕಾರಣ ಇದೇ. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಈ ತಂತುಗಳು ಅಲ್ಲಿನ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಮುಂದೆ ಸ್ನಾಯುವಿನವರೆಗೆ ಇನ್ನೊಂದು ನರದ ಪಾಳಿ. ಮೊಣಕೈ ಮಡಿಸುವ ಬೈಸೆಪ್ಸ್ ಸ್ನಾಯುವಿನ ನರ ಕತ್ತಿನ ಐದು ಮತ್ತು ಆರನೆಯ ಬೇರುಗಳಿಂದ ಹೊರಡುತ್ತದೆ. ಬೆರಳುಗಳನ್ನು ಆಡಿಸುವ ಸಣ್ಣ ಸ್ನಾಯುಗಳದ್ದು ಇನ್ನೂ ಕೆಳಗಿನ ಬೇರುಗಳು.

ಈ ದಾರಿ ಇಲ್ಲದಿದ್ದರೆ ಏನಾಗುತ್ತದೆ? 1968ರಲ್ಲಿ ಲಾರೆನ್ಸ್ ಮತ್ತು ಕ್ಯೂಪರ್ಸ್ ಎಂಬ ವಿಜ್ಞಾನಿಗಳು ಮಂಗಗಳಲ್ಲಿ ಎರಡೂ ಬದಿಯ ತಂತುಕಟ್ಟನ್ನು ತುಂಡರಿಸಿ ನೋಡಿದರು. ಮಂಗಗಳು ಸ್ವಲ್ಪ ಕಾಲದಲ್ಲೇ ಓಡಿದವು, ಹತ್ತಿದವು, ಕೈಚಾಚಿ ಹಿಡಿದವು. ಸಣ್ಣ ಗುಳಿಯೊಳಗಿನ ಆಹಾರದ ತುಣುಕನ್ನು ಒಂದು ಬೆರಳು, ಒಂದು ಹೆಬ್ಬೆರಳಿನಿಂದ ಎತ್ತುವ ಕೌಶಲ ಮಾತ್ರ ಮರಳಿ ಬರಲಿಲ್ಲ. ತೋಳನ್ನು ಬೀಸುವುದಕ್ಕೆ ಬೇರೆ ಹಳೆಯ ದಾರಿಗಳಿವೆ. ಬೆರಳನ್ನು ಬಿಡಿಬಿಡಿಯಾಗಿ ಆಡಿಸುವುದಕ್ಕೆ ಈ ನೇರ ದಾರಿಯೇ ಬೇಕು.

ಇನ್ನು ಗರ್ಭದೊಳಗೆ ಹೋಗೋಣ. ಹುಟ್ಟಿದ ಕೂಸಿನ ಮೆದುಳಿನ ಮೇಲ್ಪದರಕ್ಕೂ ಕೈಗೂ ಸಂಬಂಧವೇ ಇರುವುದಿಲ್ಲ, ಅದರ ಆಟವೆಲ್ಲ ಬೆನ್ನುಹುರಿಯದು ಎಂದು ಬಹುಕಾಲ ಪಾಠ ಹೇಳಲಾಗುತ್ತಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನೆಟ್ ಐರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಆ ಪಾಠವನ್ನು ತಿದ್ದಿತು. ಗರ್ಭಧಾರಣೆಯಿಂದ 24 ವಾರಗಳ ಹೊತ್ತಿಗೇ ಮೆದುಳಿನ ತಂತುಗಳು ಕತ್ತಿನ ಬೆನ್ನುಹುರಿಯ ಕೆಳಭಾಗವನ್ನು ಮುಟ್ಟಿರುತ್ತವೆ. ಮುಟ್ಟಿದ ಕೂಡಲೇ ಒಳನುಗ್ಗುವುದಿಲ್ಲ. ಕೆಲವು ವಾರ ಹೊರಗೇ ಕಾದು ನಿಂತು, ಆಮೇಲೆ ನರಕೋಶಗಳಿರುವ ಬೂದುಭಾಗದೊಳಗೆ ಕವಲೊಡೆಯುತ್ತವೆ. ಹೆರಿಗೆಯ ಹೊತ್ತಿಗೆ ಆ ಹೆಣಿಗೆ ಸಾಕಷ್ಟು ಹರಡಿರುತ್ತದೆ. ಬೆನ್ನುಹುರಿಯ ಕೇಂದ್ರಗಳು ರೂಪುಗೊಳ್ಳುವಾಗಲೇ ಮೆದುಳಿನ ಕೈವಾಡ ಅಲ್ಲಿರುತ್ತದೆ ಎಂದಾಯಿತು.

ಆದರೂ ಎಲ್ಲವೂ ಮೆದುಳಿನ ಮೇಲ್ಪದರದಿಂದಲೇ ಬಂತು ಎನ್ನಬೇಡಿ. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಅಲ್ಟ್ರಾಸೌಂಡಿನಲ್ಲಿ ಹೆಬ್ಬೆರಳು ಚೀಪುತ್ತಿದ್ದ 75 ಭ್ರೂಣಗಳನ್ನು ಗುರುತಿಸಿಟ್ಟುಕೊಂಡು, ಆ ಮಕ್ಕಳು ಹತ್ತು ಹನ್ನೆರಡು ವರ್ಷದವರಾದಾಗ ಮತ್ತೆ ನೋಡಿದರು. ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಂದಿಯೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳಿನ 15 ಮಂದಿಯಲ್ಲಿ 10 ಮಂದಿ ಎಡಚರು, ಐವರು ಬಲಗೈಯವರು. ಭ್ರೂಣ ಹೆಬ್ಬೆರಳು ಚೀಪಲು ತೊಡಗುವುದು 15 ವಾರಗಳ ಸುಮಾರಿಗೆ. ಮೆದುಳಿನ ತಂತುಗಳು ಕತ್ತಿನ ಕೆಳಭಾಗವನ್ನು ಆಗಿನ್ನೂ ಮುಟ್ಟಿರುವುದಿಲ್ಲ. ಎಡ ಬಲದ ಒಲವಿಗೆ ಆಳವಾದ ಬೇರು ಇದೆ. ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಹೊಡೆಯುವ ಮೇಷ್ಟರು ಈಗ ಕಡಿಮೆಯಾಗಿದ್ದಾರೆ. ಉಳಿದಿರುವವರಿಗೂ ಈ ಸುದ್ದಿ ಮುಟ್ಟಲಿ.

ಬದುಕಿರುವ ಮಗುವಿನಲ್ಲಿ ಇದನ್ನೆಲ್ಲ ಅಳೆದದ್ದು ಹೇಗೆ ಎಂಬ ಪ್ರಶ್ನೆ ಸಹಜ. 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬ ಇಬ್ಬರು ತಲೆಯ ಚರ್ಮದ ಮೇಲಿಂದಲೇ ವಿದ್ಯುತ್ ಹರಿಸಿ ಕೈಯ ಸ್ನಾಯು ಮಿಡಿಯುವಂತೆ ಮಾಡಿದ್ದರು. ಅದು ನೋಯುತ್ತಿತ್ತು. ಕೂಸಿಗೆ ಅಂಥದ್ದನ್ನು ಮಾಡಲಾಗದು. 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ತಂಡ ಬೇರೆ ಉಪಾಯ ಕಂಡುಕೊಂಡಿತು. ತಂತಿಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು ಕ್ಷಣಮಾತ್ರ ಪ್ರಬಲ ಕಾಂತಕ್ಷೇತ್ರ ಹುಟ್ಟಿಸಿದರೆ, ತಲೆಬುರುಡೆಯನ್ನು ದಾಟಿ ಮೆದುಳಿನ ಕೋಶಗಳು ಪ್ರಚೋದನೆಗೊಳ್ಳುತ್ತವೆ. ನೋವಿಲ್ಲ. ತೋಳಿಗೆ ಅಂಟಿಸಿದ ಸಣ್ಣ ಬಿಲ್ಲೆಗಳು ಸ್ನಾಯು ಮಿಡಿದ ಗಳಿಗೆಯನ್ನು ಬರೆದುಕೊಳ್ಳುತ್ತವೆ. ಮೂರು ವರ್ಷದೊಳಗೇ, 1988ರಲ್ಲಿ, ನ್ಯೂಕ್ಯಾಸಲ್‌ನವರು ಈ ವಿಧಾನವನ್ನು ಮಕ್ಕಳಲ್ಲಿ ಬಳಸಿದ ವರದಿ ಪ್ರಕಟಿಸಿದರು. ಕಾಯಿಲೆಯ ಮಗುವನ್ನು ಕರೆತರಲು ತಾಯಿತಂದೆಗಳಿಗೆ ಕಾರಣವಿರುತ್ತದೆ. ಏನೂ ಆಗದ ಕೂಸನ್ನು ವಿಜ್ಞಾನಕ್ಕಾಗಿ ಎತ್ತಿಕೊಂಡು ಬಂದ ಆ ಊರಿನ ತಾಯಂದಿರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ನಮಗೆ ಇಂದು ಗೊತ್ತಿರುವುದರಲ್ಲಿ ಬಹುಪಾಲು ಅವರ ಋಣ.

ಆ ಅಳತೆಗಳಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 1991ರಲ್ಲಿ ಐರ್, ಮಿಲ್ಲರ್ ಮತ್ತು ರಮೇಶ್ ಪ್ರಕಟಿಸಿದ ಫಲಿತಾಂಶ. ಮೆದುಳಿನಿಂದ ಕತ್ತಿನ ಬೆನ್ನುಹುರಿಗೆ ಆಜ್ಞೆ ತಲುಪಲು ಹಿಡಿಯುವ ಹೊತ್ತನ್ನು ಅವರು ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಂದ ಹಿಡಿದು ದೊಡ್ಡವರವರೆಗೆ ಅಳೆದರು. ದೊಡ್ಡವರಲ್ಲಿ ಅದು ಸೆಕೆಂಡಿನ ಸಾವಿರ ಪಾಲಿನಲ್ಲಿ ಆರೇಳು ಪಾಲು. ನವಜಾತ ಶಿಶುವಿನಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ತಂತುಗಳು ಸಣ್ಣವು, ಅವುಗಳ ಸುತ್ತ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಕೂಡಿಬಂದಿರುವುದಿಲ್ಲ. ಮೊದಲ ಎರಡು ವರ್ಷಗಳಲ್ಲಿ ಈ ಹೊತ್ತು ಭರದಿಂದ ಇಳಿದು ದೊಡ್ಡವರ ಮಟ್ಟಕ್ಕೆ ಬರುತ್ತದೆ. ಅಲ್ಲಿಗೆ ನಿಂತುಬಿಡುತ್ತದೆ. ಎರಡು ವರ್ಷದ ಮಗುವಿನ ಎತ್ತರ ಅದು ದೊಡ್ಡದಾದಾಗಿನ ಎತ್ತರದ ಸುಮಾರು ಅರ್ಧ. ಮಗು ಬೆಳೆಯುತ್ತದೆ, ಕತ್ತು ಉದ್ದವಾಗುತ್ತದೆ, ದಾರಿ ದೂರವಾಗುತ್ತದೆ, ಸುದ್ದಿ ತಲುಪುವ ಹೊತ್ತು ಮಾತ್ರ ಬದಲಾಗುವುದಿಲ್ಲ. ದಾರಿ ಉದ್ದವಾದಂತೆ ತಂತುಗಳೂ ಅದೇ ಪ್ರಮಾಣದಲ್ಲಿ ದಪ್ಪವಾಗಿ ವೇಗ ಹೆಚ್ಚುತ್ತದೆ ಎಂಬುದು ಅವರ ವಿವರಣೆ. ಮೇಲ್ಮುಖವಾಗಿ ಸ್ಪರ್ಶದ ಸುದ್ದಿ ಒಯ್ಯುವ ದಾರಿಯಲ್ಲೂ ಇಂಥದೇ ಸ್ಥಿರತೆ ಕಂಡಿತು.

ಇದರಿಂದ ಮಗುವಿಗಾಗುವ ಲಾಭ ಯೋಚಿಸಿ. ಎರಡನೆಯ ವರ್ಷದಲ್ಲಿ ಕಲಿತ ಕೈಚಳಕದ ತಾಳ ಹತ್ತನೆಯ ವರ್ಷದಲ್ಲಿ ಕೆಡುವುದಿಲ್ಲ. ಮೈ ಬೆಳೆದ ಹಾಗೆಲ್ಲ ಮೆದುಳು ತನ್ನ ಲೆಕ್ಕವನ್ನು ಹೊಸದಾಗಿ ಹಾಕಬೇಕಿಲ್ಲ. ತೋಳಿನೊಳಗಿನ ನರಗಳ ಕತೆ ಬೇರೆ. ನವಜಾತ ಶಿಶುವಿನ ತೋಳಿನ ನರಗಳ ವೇಗ ದೊಡ್ಡವರದರ ಅರ್ಧದಷ್ಟು. ಮೂರರಿಂದ ಐದು ವರ್ಷದೊಳಗೆ ಅದು ದೊಡ್ಡವರ ಮಟ್ಟ ಮುಟ್ಟುತ್ತದೆ, ಮುಂದೆ ಹೆಚ್ಚುವುದಿಲ್ಲ. ಹಾಗಾಗಿ ಆಮೇಲೆ ತೋಳು ಉದ್ದವಾದಷ್ಟೂ ಸುದ್ದಿ ತಡವಾಗುತ್ತದೆ. ಒಂದೇ ದೇಹದಲ್ಲಿ ಎರಡು ನಿಯಮ: ಒಳಗಿನ ದಾರಿಯಲ್ಲಿ ಹೊತ್ತು ಸ್ಥಿರ, ಹೊರಗಿನ ದಾರಿಯಲ್ಲಿ ವೇಗ ಸ್ಥಿರ.

ಎರಡು ವರ್ಷಕ್ಕೆ ಎಲ್ಲ ಮುಗಿಯಿತೇ ಎಂದು ಕೇಳಬಹುದು. ಇಲ್ಲ. ಸ್ನಾಯುವನ್ನು ಸ್ವಲ್ಪ ಬಿಗಿ ಹಿಡಿದು ಅಳೆದರೆ ಪಕ್ವತೆ ಬೇಗ ಬಂದಂತೆ ತೋರುತ್ತದೆ. ಪೂರ್ತಿ ಸಡಿಲ ಬಿಟ್ಟು ಅಳೆದ ಸಂಶೋಧಕರಿಗೆ ಅದು ಹತ್ತು ವರ್ಷದ ಆಸುಪಾಸಿಗೆ ಬಂದಂತೆ ಕಂಡಿದೆ. ಮಿಡಿತ ಹುಟ್ಟಿಸಲು ಬೇಕಾದ ಕಾಂತಶಕ್ತಿಯಂತೂ ಹದಿಹರೆಯದವರೆಗೂ ಬದಲಾಗುತ್ತ ಹೋಗುತ್ತದೆ. ಇವುಗಳನ್ನು ಪರಸ್ಪರ ವಿರುದ್ಧ ಎಂದು ಬಗೆಯುವುದಕ್ಕಿಂತ, ದಾರಿ ಬೇಗ ಸಿದ್ಧವಾಗುತ್ತದೆ, ಅದರ ಬಳಕೆ ನಿಧಾನವಾಗಿ ಪಳಗುತ್ತದೆ ಎಂದು ತಿಳಿಯುವುದು ನನಗೆ ಸರಿ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬೆಳವಣಿಗೆ. ಇನ್ನು ಹೇಳುವುದು ಕಳೆಯುವಿಕೆ. ನನ್ನ ಮಟ್ಟಿಗೆ ಈ ಉಪನ್ಯಾಸದ ತಿರುಳು ಇದೇ.

ಮೊಣಕೈಯ ಒಳಮಡಿಕೆಯಲ್ಲಿ ಬೈಸೆಪ್ಸ್‌ನ ಸ್ನಾಯುರಜ್ಜುವಿಗೆ ವೈದ್ಯರು ರಬ್ಬರ್ ಸುತ್ತಿಗೆಯಿಂದ ತಟ್ಟುವುದನ್ನು ನೋಡಿದ್ದೀರಿ. ದೊಡ್ಡವರಲ್ಲಿ ಬೈಸೆಪ್ಸ್ ಮಾತ್ರ ಮಿಡಿಯುತ್ತದೆ. ಅದರ ಎದುರಾಳಿ, ಮೊಣಕೈಯನ್ನು ಚಾಚುವ ಟ್ರೈಸೆಪ್ಸ್, ತೆಪ್ಪಗಿರುತ್ತದೆ. ನವಜಾತ ಶಿಶುವಿನಲ್ಲಿ ಹಾಗಲ್ಲ ಎಂದು ಓಸಲಿವನ್, ಐರ್, ಮಿಲ್ಲರ್ 1991ರಲ್ಲೇ ತೋರಿಸಿದರು. ಒಂದು ಸ್ನಾಯುವನ್ನು ತಟ್ಟಿದರೆ ಭುಜದಿಂದ ಕೈಯವರೆಗಿನ ಹಲವು ಸ್ನಾಯುಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ, ಎದುರಾಳಿಯೂ ಸೇರಿ. ತಡೆಯುವ ವ್ಯವಸ್ಥೆಯೇ ಹುಟ್ಟಿರಲಿಲ್ಲ ಎಂದಲ್ಲ. ಒಂದು ಸ್ನಾಯು ಮಿಡಿದಾಗ ಎದುರಾಳಿಯನ್ನು ಅಡಗಿಸುವ ಬೆನ್ನುಹುರಿಯ ಕೊಂಡಿ ಹುಟ್ಟುವಾಗಲೇ ಕೆಲಸ ಮಾಡುತ್ತಿರುತ್ತದೆ ಎಂದು ಅದೇ ಗುಂಪು 2001ರಲ್ಲಿ ವರದಿ ಮಾಡಿತು. ಅದರ ಜೊತೆಜೊತೆಗೇ ಪ್ರಚೋದಿಸುವ ಹೆಚ್ಚುವರಿ ಕೊಂಡಿಗಳೂ ಇರುವುದೇ ಗದ್ದಲಕ್ಕೆ ಕಾರಣ. ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ ಈ ಹರಡಾಟ ಹಂತಹಂತವಾಗಿ ತಗ್ಗಿ, ತಟ್ಟಿದ ಸ್ನಾಯು ಮಾತ್ರ ಉತ್ತರ ಕೊಡುವ ಸ್ಥಿತಿ ಬರುತ್ತದೆ. ಮೆದುಳಿನ ಪಾರ್ಶ್ವವಾಯುವಿನಿಂದ (ಸೆರೆಬ್ರಲ್ ಪಾಲ್ಸಿ) ಕೈ ಬಿಗಿದುಕೊಂಡ ಮಕ್ಕಳಲ್ಲಿ ಬೈಸೆಪ್ಸ್‌ನಿಂದ ಟ್ರೈಸೆಪ್ಸ್‌ಗೆ ಹೋಗುವ ಆ ಕೂಸುತನದ ಕೊಂಡಿ ಉಳಿದುಬಿಡುತ್ತದೆ. ಹೊಸ ಕೆಡುಕೊಂದು ಬಂದು ಸೇರಿತು ಎಂದು ನಾವು ಭಾವಿಸುವ ಕಡೆ, ಹೋಗಬೇಕಾದದ್ದು ಹೋಗದೆ ಉಳಿದಿರುತ್ತದೆ.

ಮೆದುಳಿನ ಮಟ್ಟದಲ್ಲೂ ಇದೇ ಕತೆ. ನವಜಾತ ಶಿಶುವಿನ ಒಂದು ಬದಿಯ ಮೆದುಳನ್ನು ಪ್ರಚೋದಿಸಿದರೆ ಎರಡೂ ತೋಳುಗಳು ಮಿಡಿಯುತ್ತವೆ. ಅದೇ ಬದಿಯ ತೋಳಿಗೂ ಬಲವಾದ, ವೇಗದ ಸಂಪರ್ಕ ಇರುತ್ತದೆ. ಎರಡು ವರ್ಷದೊಳಗೆ ಈ ಅದೇ ಬದಿಯ ಸಂಪರ್ಕ ಕುಗ್ಗುತ್ತದೆ. ಮಿಡಿತ ಸಣ್ಣದಾಗುತ್ತದೆ, ತಡವಾಗುತ್ತದೆ, ಅದನ್ನು ಹುಟ್ಟಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಎದುರು ಬದಿಯದು ಗಟ್ಟಿಯಾಗುತ್ತದೆ. ದಟ್ಟವಾಗಿ ಎರಚಿ ಬಿತ್ತಿದ ರಾಗಿ ಹೊಲದಲ್ಲಿ ಪೈರು ತೆಳು ಮಾಡದಿದ್ದರೆ ತೆನೆ ಕಟ್ಟುವುದಿಲ್ಲವಷ್ಟೆ. ಇಲ್ಲಿ ಕುಂಟೆ ಹೊಡೆಯುವ ಕೆಲಸ ಮಾಡುವುದು ಬಳಕೆ. ಎರಡು ಬದಿಯ ತಂತುಗಳು ಬೆನ್ನುಹುರಿಯ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ, ಹೆಚ್ಚು ಚಟುವಟಿಕೆಯಿಂದಿರುವುದು ಉಳಿಯುತ್ತದೆ.

ಇದು ಬರಿಯ ಊಹೆಯಲ್ಲ. ನ್ಯೂಯಾರ್ಕಿನ ಜಾನ್ ಮಾರ್ಟಿನ್ ಬೆಕ್ಕಿನ ಮರಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮೂರರಿಂದ ಏಳು ವಾರದ ವಯಸ್ಸಿನಲ್ಲಿ ಒಂದು ಬದಿಯ ಚಲನಕೇಂದ್ರವನ್ನು ಔಷಧಿಯಿಂದ ಸುಮ್ಮನಾಗಿಸಿದರೆ ಆ ಬದಿಯ ತಂತುಗಳು ಬೆನ್ನುಹುರಿಯಲ್ಲಿ ಜಾಗ ಕಳೆದುಕೊಂಡವು. ಸದ್ದು ಮಾಡುತ್ತಿದ್ದ ಬದಿ ಎರಡೂ ಕಡೆ ಹರಡಿ ಕುಳಿತಿತು. ಔಷಧಿ ನಿಲ್ಲಿಸಿದ ಮೇಲೂ ಮರಿ ಎದುರು ಬದಿಯ ಮುಂಗಾಲನ್ನು ಗುರಿಯಿಟ್ಟು ಚಾಚಲು ತಡವರಿಸಿತು. ಮುಂದಿನ ಪ್ರಯೋಗಗಳಲ್ಲಿ, ಗೆದ್ದ ಬದಿಯನ್ನು ಸ್ವಲ್ಪ ಕಾಲ ಸುಮ್ಮನಾಗಿಸಿದಾಗ ಸೋತ ಬದಿ ಚೇತರಿಸಿಕೊಂಡಿತು.

ಹೆರಿಗೆಯ ಆಸುಪಾಸಿನಲ್ಲಿ ಒಂದು ಬದಿಯ ಮೆದುಳಿಗೆ ಪೆಟ್ಟಾದ ಶಿಶುಗಳಲ್ಲಿ ನ್ಯೂಕ್ಯಾಸಲ್‌ನವರು ಕಂಡದ್ದೂ ಇದನ್ನೇ. ಮೊದಮೊದಲು ಪೆಟ್ಟಾದ ಬದಿಯನ್ನು ಪ್ರಚೋದಿಸಿದಾಗ ಎದುರು ಕೈ ಮಿಡಿಯುತ್ತಿತ್ತು. ತಿಂಗಳುಗಳು ಕಳೆದಂತೆ ಆ ಮಿಡಿತ ಸೊರಗಿತು, ಕೆಲವರಲ್ಲಿ ನಿಂತೇಹೋಯಿತು. ಪೆಟ್ಟು ಒಂದು ಸಲ ಆದದ್ದು, ನಷ್ಟ ಎರಡು ವರ್ಷ ನಡೆದದ್ದು. 2007ರಲ್ಲಿ ಐರ್ ಇದನ್ನು ಸೋಮಾರಿ ಕಣ್ಣಿಗೆ ಹೋಲಿಸಬಹುದೇ ಎಂದು ಕೇಳಿದರು. ಒಂದು ಕಣ್ಣು ಕಾಣದೆ ಕುಳಿತರೆ ಮೆದುಳಿನಲ್ಲಿ ಅದರ ಜಾಗವನ್ನು ಇನ್ನೊಂದು ಕಣ್ಣು ಕಬಳಿಸುತ್ತದೆ ಎಂದು ಹ್ಯೂಬೆಲ್ ಮತ್ತು ವೀಸೆಲ್ ತೋರಿಸಿ 1981ರಲ್ಲಿ ನೊಬೆಲ್ ಪಡೆದಿದ್ದರು. ಕಣ್ಣಿನ ವೈದ್ಯರು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸುತ್ತಾರೆ. ಒಳ್ಳೆಯ ಕೈಗೆ ಕೈಗವಸು ತೊಡಿಸಿ, ದಿನದಲ್ಲಿ ಸ್ವಲ್ಪ ಹೊತ್ತು ಸೋತ ಕೈಯಲ್ಲೇ ಆಡಿಸುವ ಚಿಕಿತ್ಸೆಯನ್ನು ಈಗ ಒಂದು ವರ್ಷ ತುಂಬದ ಶಿಶುಗಳಲ್ಲೂ ಬಳಸುತ್ತಿದ್ದಾರೆ. ಯಾರ ಮೇಲ್ವಿಚಾರಣೆಯೂ ಇಲ್ಲದೆ ಮನೆಯಲ್ಲಿ ಇದಕ್ಕೆ ಕೈಹಾಕಬೇಡಿ.

ಬಳಕೆ ಎಂದೆ. ತೊಟ್ಟಿಲಲ್ಲಿ ಮಲಗಿದ ಕೂಸು ಕೈಯನ್ನು ಏನು ಬಳಸೀತು? ಬಹಳ ಬಳಸುತ್ತದೆ. ಆಡ್ರಿ ವಾನ್ ಡೆರ್ ಮೇರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನವಜಾತ ಶಿಶುಗಳ ಮಣಿಕಟ್ಟಿಗೆ ಕಾಲಿನ ಕಡೆಗೆ ಎಳೆಯುವ ಸಣ್ಣ ತೂಕ ಕಟ್ಟಿದ್ದರು. ತನ್ನ ಕಣ್ಣಿಗೆ ಕಾಣುವ ತೋಳನ್ನು ಶಿಶು ಆ ಎಳೆತಕ್ಕೆ ಎದುರಾಗಿ ಎತ್ತಿ ಹಿಡಿಯುತ್ತಿತ್ತು, ಕಾಣದ ತೋಳನ್ನು ಬಿಟ್ಟುಕೊಡುತ್ತಿತ್ತು. ತನ್ನ ಕೈಯನ್ನು ತಾನು ನೋಡುವುದು ಅದಕ್ಕೆ ಕೆಲಸ.

ಕೈಚಾಚಿ ಹಿಡಿಯುವುದನ್ನು ಕೂಸುಗಳು ಕಲಿಯುವ ಬಗೆಯನ್ನು ಅಮೆರಿಕದ ಎಸ್ತರ್ ಥೆಲೆನ್ 1993ರಲ್ಲಿ ನಾಲ್ಕೇ ಶಿಶುಗಳನ್ನು ವಾರವಾರ ಅಳೆದು ಬರೆದರು. ಒಬ್ಬ ಹುಡುಗ ತೋಳು ಬೀಸಿ ಬೀಸಿ ಒದ್ದಾಡುವವನು. ಅವನು ಕಲಿಯಬೇಕಿದ್ದದ್ದು ಆ ರಭಸವನ್ನು ಹಿಡಿದಿಡುವುದು. ಒಬ್ಬಳು ಶಾಂತ ಸ್ವಭಾವದವಳು. ಆಕೆ ಕಲಿಯಬೇಕಿದ್ದದ್ದು ತೋಳನ್ನು ಎತ್ತುವಷ್ಟು ಬಲ ಹಾಕುವುದು. ಕೊನೆಗೆ ಇಬ್ಬರೂ ಆಟಿಕೆ ಹಿಡಿದರು, ಹೋದ ದಾರಿ ಬೇರೆ ಬೇರೆ. ಪಕ್ಕದ ಮನೆಯ ಕೂಸಿನ ಜೊತೆ ವಾರದ ಲೆಕ್ಕದಲ್ಲಿ ಹೋಲಿಸುವವರು ಇದನ್ನು ಗಮನಿಸಬೇಕು.

ನಿದ್ದೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಮಲಗಿದ ಕೂಸು ನಕ್ಕರೆ ದೇವರು ನಗಿಸಿದ ಎನ್ನುತ್ತೇವೆ; ಬೆರಳು ಅದುರಿದರೆ ಗಮನಿಸುವುದೇ ಇಲ್ಲ. ಅಯೋವಾದ ಮಾರ್ಕ್ ಬ್ಲೂಮ್‌ಬರ್ಗ್ ಇಲಿಮರಿಗಳಲ್ಲಿ ತೋರಿಸಿದಂತೆ, ನಿದ್ದೆಯ ಈ ಅದುರುಗಳಿಂದ ಹುಟ್ಟುವ ಸ್ಪರ್ಶದ ಸುದ್ದಿ ಮೆದುಳಿಗೆ ಎಚ್ಚರದ ಚಲನೆಯದಕ್ಕಿಂತ ಸ್ಪಷ್ಟವಾಗಿ ತಲುಪುತ್ತದೆ. ಯಾವ ಸ್ನಾಯು ಎಲ್ಲಿದೆ ಎಂದು ಒಂದೊಂದಾಗಿ ತಟ್ಟಿ ನೋಡಿಕೊಳ್ಳುವ ಸಮಯ ಅದು.

ಕಣ್ಣಿಗೆ ಕಾಣುವ ಮೈಲಿಗಲ್ಲುಗಳು ನಿಮಗೆಲ್ಲ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದಾಗ ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಅದು ತಾನಾಗಿ ಆಗುವ ಹಿಡಿತ, ನಾಲ್ಕರಿಂದ ಆರು ತಿಂಗಳಲ್ಲಿ ಕರಗುತ್ತದೆ. ನಾಲ್ಕೈದು ತಿಂಗಳಿಗೆ ಗಿಲಕಿಗೆ ಕೈಚಾಚುತ್ತದೆ. ಆರೇಳು ತಿಂಗಳಿಗೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ನೆಲದ ಮೇಲಿನ ಅಗುಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹೆಕ್ಕುತ್ತದೆ. ಮಂಗಗಳಲ್ಲಿ ಮರಳಿ ಬಾರದೆ ಹೋಯಿತು ಎಂದೆನಲ್ಲ, ಆ ಕೌಶಲ ಇದೇ. ಅವಧಿಗೆ ಮೊದಲು ಹುಟ್ಟಿದ ಕೂಸಾದರೆ ತಿಂಗಳ ಲೆಕ್ಕವನ್ನು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಹಿಡಿಯಬೇಕು.

ಹೆದರಿಸಬಾರದು ಎಂಬ ಷರತ್ತಿಗೆ ಒಳಪಟ್ಟೇ ಒಂದು ಮಾತು. ಬಲಗೈಯೋ ಎಡಗೈಯೋ ಎಂಬ ಒಲವು ಹೊರಗೆ ಸ್ಪಷ್ಟವಾಗಿ ಕಾಣುವುದು ಎರಡು ವರ್ಷದ ನಂತರ. ಒಂದು ವರ್ಷ ತುಂಬುವ ಮೊದಲೇ ಕೂಸು ಎಲ್ಲದಕ್ಕೂ ಒಂದೇ ಕೈಯನ್ನು ಮುಂದೆ ಮಾಡುತ್ತಿದ್ದರೆ, ಇನ್ನೊಂದು ಕೈ ನಾಲ್ಕು ತಿಂಗಳು ಕಳೆದರೂ ಮುಷ್ಟಿ ಬಿಡದಿದ್ದರೆ, ಅದು ಜಾಣತನವೂ ಅಲ್ಲ, ಎಡಚತನವೂ ಅಲ್ಲ. ತೋರಿಸಬೇಕು. 2017ರಲ್ಲಿ ಅಯೋನಾ ನೊವಾಕ್ ಮತ್ತು ಹಲವು ದೇಶಗಳ ತಜ್ಞರು ಸೇರಿ ಬರೆದ ಮಾರ್ಗಸೂಚಿಯ ಪ್ರಕಾರ ಮೆದುಳಿನ ಪಾರ್ಶ್ವವಾಯುವನ್ನು ಆರು ತಿಂಗಳ ಒಳಗೇ ಗುರುತಿಸಲು ಸಾಧ್ಯ. ಪೈಪೋಟಿ ನಡೆಯುವುದು ಮೊದಲ ಎರಡು ವರ್ಷ ಎಂದು ನಮಗೆ ಗೊತ್ತಿರುವಾಗ, ಎರಡು ವರ್ಷ ಆಗಲಿ ನೋಡೋಣ ಎಂಬ ಸಲಹೆ, ಅದನ್ನು ಹಿರಿಯರೇ ಕೊಡಲಿ, ವೈದ್ಯರೇ ಕೊಡಲಿ, ತಪ್ಪು ಸಲಹೆ.

ನಮ್ಮ ಸರ್ಕಾರ ಕೊಡುವ ತಾಯಿ ಕಾರ್ಡ್‌ನಲ್ಲಿ ಮಗುವಿನ ಬೆಳವಣಿಗೆಯ ಹಂತಗಳ ಪಟ್ಟಿ ಇದೆ. ಲಸಿಕೆಯ ಪುಟ ಎಲ್ಲರೂ ತೆರೆಯುತ್ತಾರೆ, ಈ ಪಟ್ಟಿಯ ಪುಟ ತೆರೆಯುವವರು ಕಡಿಮೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಿಗೆ ತಪಾಸಣೆಯ ತಂಡ ಬರುತ್ತದೆ, ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳಿವೆ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಒಂದು ವರ್ಷದೊಳಗಿನ ಕೂಸಿದ್ದರೆ ಅದರ ಎರಡೂ ಕೈಗಳಿಗೆ ಸರದಿಯಂತೆ ಆಟಿಕೆ ಕೊಟ್ಟು ನೋಡಿ, ತಾಯಿ ಕಾರ್ಡಿನ ಆ ಪುಟವನ್ನು ತೆರೆದು ಓದಿ, ಅನುಮಾನ ಬಂದರೆ ಅದೇ ವಾರ ತೋರಿಸಿ.